ಕಾಕುವಿನ ನೀರು, ಕಬ್ಬಿಣದ ಕಡ್ಡಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಧಾರವಾಡದ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಮಕ್ಕಳು ಎದುರಿಗೆ ‘ಅಕ್ಕೋರೆ’ ಎನ್ನುತ್ತಿದ್ದರು. ಬೆನ್ನ ಹಿಂದೆ ಇನ್ನೊಂದು ಹೆಸರಿತ್ತು, ಅದು ನನಗೆ ಗೊತ್ತಿತ್ತು, ಇಲ್ಲಿ ಬರೆಯುವುದಿಲ್ಲ.

ಪ್ರತಿ ವರ್ಷ ಅಯಾನುಗಳ ಪಾಠ ಬಂದಾಗ ಶಾಲೆಯಲ್ಲಿ ಒಂದು ಜಗಳ ಖಾಯಂ. ನಮ್ಮ ಮುಖ್ಯೋಪಾಧ್ಯಾಯರಿಗೆ ಎಲ್ಲವೂ ಮಗ್ಗಿಯ ಹಾಗೆ ಬಾಯಿಗೆ ಬರಬೇಕು. ಸೋಡಿಯಂ ಪ್ಲಸ್ ಒಂದು, ಮೆಗ್ನೀಸಿಯಂ ಪ್ಲಸ್ ಎರಡು, ಕ್ಲೋರಿನ್ ಮೈನಸ್ ಒಂದು. ಮಕ್ಕಳು ಸಾಲಾಗಿ ನಿಂತು ಕೂಗಿದರೆ ಅವರಿಗೆ ಸಮಾಧಾನ. ನಾನು ಕೂಗಿಸಲಿಲ್ಲ. ಎಣಿಸಲು ಬರುವ ಮಗುವಿಗೆ ಬಾಯಿಪಾಠ ಮಾಡಿಸುವುದು, ಕಾಲಿದ್ದವನನ್ನು ಎತ್ತಿಕೊಂಡು ಓಡಾಡಿದ ಹಾಗೆ.

ಎಣಿಕೆ ದೊಡ್ಡದೇನೂ ಅಲ್ಲ. ಪರಮಾಣುವಿನ ನಡುವೆ ಪ್ರೋಟಾನುಗಳು, ಒಂದೊಂದೂ ಪ್ಲಸ್. ಸುತ್ತಲೂ ಕವಚಗಳಲ್ಲಿ ಎಲೆಕ್ಟ್ರಾನುಗಳು, ಒಂದೊಂದೂ ಮೈನಸ್. ಎರಡೂ ಸಮಸಮ ಇರುವವರೆಗೆ ಪರಮಾಣುವಿಗೆ ಯಾವ ವಿದ್ಯುದಾವೇಶವೂ ಇಲ್ಲ. ಪ್ರೋಟಾನುಗಳು ಕೂತ ಜಾಗ ಬಿಟ್ಟು ಏಳುವುದಿಲ್ಲ. ಹನ್ನೊಂದು ಪ್ರೋಟಾನು ಇದ್ದರೆ ಅದು ಸೋಡಿಯಂ, ಮುಗಿಯಿತು. ಹೋಗುವುದು, ಬರುವುದು ಎಲ್ಲ ಹೊರಗಿನ ಕವಚದ ಎಲೆಕ್ಟ್ರಾನುಗಳದ್ದು. ಸೋಡಿಯಂನ ಹೊರಕವಚದಲ್ಲಿ ಒಂದೇ ಒಂದು ಎಲೆಕ್ಟ್ರಾನು, ಅದು ಸುಲಭವಾಗಿ ಎದ್ದು ಹೋಗುತ್ತದೆ. ಉಳಿದದ್ದು ಹನ್ನೊಂದು ಪ್ಲಸ್, ಹತ್ತು ಮೈನಸ್. ಕಳೆದು ನೋಡಿದರೆ ಪ್ಲಸ್ ಒಂದು. ಕ್ಲೋರಿನ್ನಿಗೆ ಹೊರಕವಚದಲ್ಲಿ ಒಂದು ಜಾಗ ಖಾಲಿ, ಅದು ಒಂದನ್ನು ಸೇರಿಸಿಕೊಳ್ಳುತ್ತದೆ. ಹದಿನೇಳು ಪ್ಲಸ್, ಹದಿನೆಂಟು ಮೈನಸ್, ಆದ್ದರಿಂದ ಮೈನಸ್ ಒಂದು. ಹೀಗೆ ಕೊಟ್ಟೋ ತೆಗೆದುಕೊಂಡೋ ಆವೇಶ ಬಂದ ಪರಮಾಣುವಿಗೇ ಅಯಾನು ಎಂದು ಹೆಸರು.

ಇಷ್ಟು ಹೇಳಿದ ಮೇಲೂ ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತಿತ್ತು.

“ಅಕ್ಕೋರೆ, ಕಳಕೊಂಡ್ರ ಮೈನಸ್ ಆಗಬೇಕಲ್ರಿ? ಪ್ಲಸ್ ಹೆಂಗ ಆಗ್ತೈತ್ರಿ?”

“ಹೋದದ್ದು ಏನು? ಮೈನಸ್. ಹಬ್ಬಕ್ಕ ಬಂದು, ಹೋಗಲಾರದ ಕುಂತು, ಉಪ್ಪಿಲ್ಲ ಖಾರಿಲ್ಲ ಅಂತ ಕಿರಿಕಿರಿ ಮಾಡೋ ಬೀಗರು ಎದ್ದು ಹೋದ್ರ ನಿಮ್ಮವ್ವಗ ನುಕ್ಸಾನೋ ಫಾಯದೇನೋ?”

ತರಗತಿ ನಗುತ್ತಿತ್ತು. ಆಮೇಲೆ ಯಾರೂ ತಪ್ಪು ಮಾಡುತ್ತಿರಲಿಲ್ಲ. ಮುಖ್ಯೋಪಾಧ್ಯಾಯರು ಮಾತ್ರ, ಬೀಗರ ಉದಾಹರಣೆ ಪಠ್ಯದಲ್ಲಿ ಇಲ್ಲ ಎಂದು ಗೊಣಗಿದರು. ಗೊಣಗಲಿ ಎಂದು ಬಿಟ್ಟೆ.

ನಿವೃತ್ತಿಯಾದ ದಿನವೇ ನಾನು ಒಲೆಗೂ ರಾಜೀನಾಮೆ ಕೊಟ್ಟೆ. ಅಡುಗೆ ಬಾರದವಳಲ್ಲ, ಬೇಸರ ಬಂದವಳು. ನಾದಿನಿಯರು ಏನೇನೋ ಆಡಿಕೊಂಡರು. ನಮ್ಮ ಮನೆಯವರು ಮೊದಲು ಮುಖ ಸಣ್ಣ ಮಾಡಿಕೊಂಡರೂ ಬೇಗ ಹೊಂದಿಕೊಂಡರು. ಏಕೆಂದರೆ ಅಷ್ಟರಲ್ಲಿ ನಾವು ಹುಬ್ಬಳ್ಳಿಯ ಬೈರಿದೇವರಕೊಪ್ಪಕ್ಕೆ ಮನೆ ಬದಲಿಸಿದ್ದೆವು, ಮತ್ತು ಅದೇ ಓಣಿಯಲ್ಲಿ ಕಾಕುವಿನ ಖಾನಾವಳಿ ಇತ್ತು.

ಕಾಕು, ಅಂದರೆ ಚಿಕ್ಕಮ್ಮ, ಎಲ್ಲರಿಗೂ ಕಾಕುವೇ. ವಯಸ್ಸಿನಲ್ಲಿ ದೊಡ್ಡವಳಾದ ನನಗೂ ಕಾಕು. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಮೇಜು, ಹಿಂದೆ ಒಲೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಅವರು ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ನಮ್ಮ ಮನೆಯವರು ಚಪ್ಪಲಿ ಹುಡುಕುತ್ತಿದ್ದರು. ನಳದ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಓಣಿ ನಮ್ಮದು. ಹಾಗಾಗಿ ಕಾಕು ಸ್ವಂತ ಬೋರು ಹಾಕಿಸಿದ್ದರು. ನೀರು ಗಡಸು, ಸೋಪು ನೊರೆ ಬಿಡುವುದಿಲ್ಲ, ಕುದಿಸಿದ ಪಾತ್ರೆಗೆ ಬಿಳಿ ಪದರ ಹಿಡಿಯುತ್ತದೆ. ನನ್ನ ಒತ್ತಾಯಕ್ಕೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಿ ನೋಡಿಸಿದ್ದೆವು. ಕುಡಿಯಲು ಏನೂ ಅಡ್ಡಿಯಿಲ್ಲ ಎಂದೇ ಹೇಳಿದ್ದರು.

ಯುಗಾದಿ ಬಂದರೆ ಕಾಕು ತಮ್ಮ ಗೇಟಿನ ಪಕ್ಕ ಅರವಟ್ಟಿಗೆ ಇಡುತ್ತಿದ್ದರು. ಒದ್ದೆ ಬಟ್ಟೆ ಸುತ್ತಿದ ಎರಡು ಮಣ್ಣಿನ ಮಡಕೆ, ಮೇಲೊಂದು ತಟ್ಟೆ, ಹಿಡಿಕೆಯ ಲೋಟ. ಹಾದಿಹೋಕರು ನಿಂತು ನೀರು ಕುಡಿದರೆ ಅವರಿಗೆ ಹಬ್ಬ. ಒಳಗೆ ಹಿಟ್ಟು ನಾದುತ್ತಿದ್ದರೂ ಕಿಟಕಿಯಿಂದ ಇಣುಕಿ ನೋಡುವರು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಂತೋಷ ಏಕೆಂದು ಒಮ್ಮೆ ಕೇಳಿದೆ.

ರೊಟ್ಟಿ ತಿರುವುತ್ತ ಹೇಳಿದರು: “ನಮ್ಮೂರಾಗ ನಮ್ಮವ್ವಗ ಬಾವಿ ಕಟ್ಟಿ ಮುಟ್ಟಾಕ ಬಿಡ್ತಿದ್ದಿಲ್ರಿ ಅಕ್ಕೋರೆ. ದೂರ ಕೊಡ ಇಟ್ಟು ನಿಂದ್ರಬೇಕು. ಯಾರರ ಮನಸ್ಸು ಬಂದವರು ಎತ್ತಿ ಸುರುವಬೇಕು. ಈಗ ನನ್ನ ಕೈಯಾಗಿನ ನೀರು ಮಂದಿ ಕುಡೀತಾರ. ನಮ್ಮವ್ವ ಇದನ್ನ ನೋಡಬೇಕಿತ್ತು.”

ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಆ ವರ್ಷ ಯುಗಾದಿ ಕಳೆದ ವಾರದಲ್ಲಿ ನಮ್ಮ ಮನೆಯವರು ಮೊಬೈಲು ಹಿಡಿದುಕೊಂಡು ಬಂದು, “ಏ, ಇಲ್ಲಿ ನೋಡು” ಎಂದರು. ಓಣಿಯ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ವಿಡಿಯೋ. ಪಡಸಾಲೆ ಮೂಲೆಮನೆಯವರದು, ಓಣಿಯೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತದೆ. ಅವರ ಮನೆಯಲ್ಲಿ ಮಂಗಳವಾರ ಓಣಿಯ ಹೆಂಗಸರ ಭಜನೆ ಇರುತ್ತದೆ. ಭಜನೆ ಮುಗಿದ ಮೇಲೆ ಟೈ ಕಟ್ಟಿದ ಒಬ್ಬ ನೀರಿನ ಫಿಲ್ಟರು ಮಾರುವವನು ಪೆಟ್ಟಿಗೆ ಬಿಚ್ಚಿದ್ದ. ಮೇಜಿನ ಮೇಲೆ ಎರಡು ಗಾಜಿನ ಲೋಟ. ಒಂದರಲ್ಲಿ ಅವನ ಫಿಲ್ಟರಿನ ನೀರು, ಇನ್ನೊಂದರಲ್ಲಿ ಕಾಕುವಿನ ಅರವಟ್ಟಿಗೆಯಿಂದ ತಂದ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಸ್ವಿಚ್ಚು ಹಾಕಿದ. ಫಿಲ್ಟರಿನ ನೀರು ಹಾಗೇ ಇತ್ತು. ಕಾಕುವಿನ ನೀರು ಗುಳ್ಳೆಯೆದ್ದು, ಹಸಿರಾಗಿ, ಕಂದಾಗಿ, ಕೊನೆಗೆ ಗಟಾರದ ನೀರಿನ ಹಾಗೆ ಕಪ್ಪಾಯಿತು. ಹೆಂಗಸರು “ಅಯ್ಯಯ್ಯ ಶಿವನ!” ಎಂದು ಬಾಯಿಗೆ ಸೆರಗು ಹಿಡಿದರು. ವಿಡಿಯೋದ ಕೆಳಗೆ ವೈನಿ ಬರೆದಿದ್ದರು: ‘ಇಂಥ ನೀರು ರಸ್ತೆಯಲ್ಲಿ ಇಡುವುದು ಸರಿಯೇ? ದಯವಿಟ್ಟು ತೆಗೆಸಿರಿ.’

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ! ನನ್ನ ತಲೆ ಕಾದುಹೋಯಿತು. ಆ ಓಣಿಯಲ್ಲಿ ಕಾಲೇಜು ಕಲಿತವರು ಕಮ್ಮಿಯಿಲ್ಲ. ಬ್ಯಾಂಕಿನಲ್ಲಿ ಇದ್ದವರು, ಕಚೇರಿ ನಡೆಸಿದವರು, ವೈನಿಯವರಂತೂ ಡಿಗ್ರಿ ಮಾಡಿದವರು. ಒಬ್ಬರಾದರೂ, ಆ ಕಪ್ಪು ಬಣ್ಣ ನೀರಿನಿಂದ ಬಂತೋ ಕಡ್ಡಿಯಿಂದ ಬಂತೋ ಎಂದು ಕೇಳಬಾರದೆ?

ಮಧ್ಯಾಹ್ನ ಊಟಕ್ಕೆ ಹೋದರೆ ಖಾನಾವಳಿಯಲ್ಲಿ ನಾಲ್ಕರಲ್ಲಿ ಎರಡು ಮೇಜು ಖಾಲಿ. ಕೂತವರೂ ಅಂಗಡಿಯಿಂದ ನೀರಿನ ಬಾಟಲಿ ತಂದು ಮುಂದಿಟ್ಟುಕೊಂಡಿದ್ದರು. ಗೇಟಿನ ಬಳಿ ಮಡಕೆಗಳು ತುಂಬಿದ್ದು ತುಂಬಿದಂತೆಯೇ ಇದ್ದವು. ಕಾಕು ಹಿತ್ತಲಲ್ಲಿ ಕುಳಿತು ಹಂಡೆ ತಿಕ್ಕುತ್ತಿದ್ದರು. ಅತ್ತಿದ್ದರು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು, ಆದರೆ ನನ್ನ ಎದುರು ಅಳಲಿಲ್ಲ.

“ರವಿವಾರ ಮುಂಜಾನೆ ಆ ಫಿಲ್ಟರಿನಾವನ್ನ ಇಲ್ಲೇ ಕರಸೇನ್ರಿ, ನಮ್ಮ ಅಂಗಳಕ್ಕ. ಓಣಿ ಮಂದಿಗೆಲ್ಲಾ ಬರ್ರಿ ಅಂದೇನಿ. ಎಲ್ಲಾರ ಮುಂದ ಇನ್ನೊಮ್ಮೆ ನೋಡಲಿ. ನನ್ನ ನೀರು ಹೊಲಸಿಲ್ಲ.”

“ನನಗ ಮೊದಲ ಹೇಳಬಾರದೇನ್ರಿ? ನಾ ಮಾತಾಡ್ತಿದ್ದೆ.”

“ನನ್ನ ನೀರಿಗೆ ನಾನ ಮಾತಾಡ್ತೇನ್ರಿ,” ಎಂದರು. ಆ ಮಾತು ನನಗೆ ಹಿಡಿಸಿತು. ಆದ್ದರಿಂದ ಹೆಚ್ಚು ಬಾಯಿ ಹಾಕಲಿಲ್ಲ.

ರವಿವಾರ ಕಾಕುವಿನ ಅಂಗಳದಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಬಿಟ್ಟಿ ತಮಾಷೆ ಯಾರಿಗೆ ಬೇಡ? ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ ಮಾಡುವ, ದಿನಾ ಕಾಕುವಿನ ರೊಟ್ಟಿ ಉಣ್ಣುವ ಇಬ್ಬರು ಗಿರಾಕಿಗಳೂ ನಿಂತಿದ್ದರು. ಟೈ ಕಟ್ಟಿದವನು ಪೆಟ್ಟಿಗೆ ಬಿಚ್ಚಿದ. ಎರಡು ಲೋಟ, ಕಡ್ಡಿಗಳು, ಸ್ವಿಚ್ಚು. ಕಾಕು ತಾವೇ ಮಡಕೆಯಿಂದ ನೀರು ತುಂಬಿ ಕೊಟ್ಟರು. ನೀರು ನೋಡಲು ಎಂದಿಗಿಂತ ತಿಳಿಯಾಗಿತ್ತು.

ಅದು ಮೊದಲಿಗಿಂತ ಬೇಗ ಕಪ್ಪಾಯಿತು. ಮೊದಲಿಗಿಂತ ಹೆಚ್ಚೂ ಕಪ್ಪಾಯಿತು. ಲೋಟದ ತಳದಲ್ಲಿ ಕೆಸರಿನಂತೆ ಕೂತಿತು.

“ಮೊನ್ನೆಗಿಂತ ಹೆಚ್ಚು ಕರ್ರಗಾತಲ್ಲ!” ಎಂದು ಯಾರೋ ಅಂದರು. ವೈನಿ ಕೈಕಟ್ಟಿ ನಿಂತು, “ನನಗೇನು ಆಗಬೇಕಾಗೇದರಿ, ಮಂದಿ ಆರೋಗ್ಯದ ಪ್ರಶ್ನೆ ಅದ” ಎಂದರು.

ಕಾಕುವಿನ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ನಾನು ಪಕ್ಕಕ್ಕೆ ಹೋಗಿ ಮೆಲ್ಲಗೆ, “ನೀರಿಗೆ ಏನರ ಹಾಕೀರೇನು?” ಎಂದು ಕೇಳಿದೆ.

“ಪಟಿಕ ಹಾಕೇನ್ರಿ. ಛಲೋತ್ನಾಗಿ, ಒಂದು ಮುಷ್ಟಿ. ತಿಳಿ ಆಗಲಿ ಅಂತ. ಮಡಿಕಿ ಒಳಗ ಉಪ್ಪು ಹಚ್ಚಿ ತಿಕ್ಕೇನಿ.”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಮ್ಮ ಕಡೆಯ ಯಾವ ಹೆಂಗಸಾದರೂ ಅದನ್ನೇ ಮಾಡುತ್ತಿದ್ದಳು. ಕೆರೆಯ ರಾಡಿ ನೀರಿಗೆ ಪಟಿಕದ ಬಿಳಿ ಹರಳು ಆಡಿಸಿ ತಿಳಿ ಮಾಡಿದವರ ಮಕ್ಕಳು ನಾವು. ಆದರೆ ಪಟಿಕವೂ ಒಂದು ಲವಣವೇ. ನೀರಿಗೆ ಬಿದ್ದರೆ ಬಿಚ್ಚಿಕೊಂಡು ಅಯಾನುಗಳಾಗುತ್ತದೆ. ಅದರೊಳಗಿನ ಅಲ್ಯೂಮಿನಿಯಂಗೆ ಹದಿಮೂರು ಪ್ರೋಟಾನು, ಉಳಿದ ಎಲೆಕ್ಟ್ರಾನು ಹತ್ತು, ಪ್ಲಸ್ ಮೂರು. ನೀರಿನಲ್ಲಿ ವಿದ್ಯುತ್ತು ದಾಟುವುದು ಇಂಥ ಅಯಾನುಗಳ ಹೆಗಲ ಮೇಲೆ. ಅವು ಹೆಚ್ಚಾದಷ್ಟೂ ವಿದ್ಯುತ್ತಿಗೆ ದಾರಿ ಅಗಲ, ಕಡ್ಡಿ ಕರಗುವುದೂ ಜೋರು. ಪಾಪ, ನೀರನ್ನು ಶುದ್ಧ ಮಾಡಲು ಹೋಗಿ ಕಾಕು ಅವನ ಆಟಕ್ಕೇ ಅನುಕೂಲ ಮಾಡಿಕೊಟ್ಟಿದ್ದರು.

“ಕಾಕು, ನಾ ಮಾತಾಡಲೇನು?”

ಅವರು ಕಪ್ಪಾದ ಲೋಟವನ್ನೊಮ್ಮೆ ನೋಡಿ, “ಮಾತಾಡ್ರಿ” ಎಂದರು.

ನಾನು ಮೇಜಿನ ಹತ್ತಿರ ಹೋದೆ. “ಮೊದಲ ಸ್ವಿಚ್ ಆರಿಸಪಾ, ಪಿನ್ ಕಿತ್ತಿಡು. ಈಗ ಹೇಳು, ಈ ಕರ್ರಗಿನದು ಎಲ್ಲಿಂದ ಬಂತು?”

“ಇದು ಸೈನ್ಸ್ ರೀ ಮೇಡಂ. ನೀರಿನ್ಯಾಗಿನ ಹೊಲಸೆಲ್ಲಾ ಮ್ಯಾಲ ಬರ್ತೈತ್ರಿ.”

“ಹೌದಾ? ಛಲೋ ಆತು. ಕಡ್ಡಿ ತೊಳಿ. ನಿನ್ನ ಫಿಲ್ಟರಿನ ಶುದ್ಧ ನೀರು ಹೊಸಾದು ಒಂದು ಲೋಟ ತಗಿ. ಅದರಾಗ ಹೊಲಸಿಲ್ಲ ಹೌದಲ್ಲೋ?”

“ಇಲ್ರಿ. ಒಂದು ಚೂರೂ ಇಲ್ರಿ.”

“ವೈನೀ, ನಿಮ್ಮ ಮನಿಯಿಂದ ಒಂದು ಚಿಟಿಗಿ ಉಪ್ಪು ತರಸ್ರಿ.”

ಕಾಕುವಿನ ಮನೆಯ ಉಪ್ಪನ್ನು ಬೇಕಂತಲೇ ಕೇಳಲಿಲ್ಲ. ಆಮೇಲೆ ಉಪ್ಪಿಗೂ ಹೆಸರಿಡುತ್ತಾರೆ. ವೈನಿಯವರ ಸೊಸೆ ಪುಟ್ಟ ಬಟ್ಟಲಲ್ಲಿ ಉಪ್ಪು ತಂದಳು. ಅವನ ಶುದ್ಧ ನೀರಿಗೆ ಅದನ್ನು ಹಾಕಿ ಚಮಚದಿಂದ ಕಲಕಿದೆ. ನೀರು ತಿಳಿಯಾಗಿಯೇ ಇತ್ತು. “ಈಗ ಹಚ್ಚು” ಎಂದೆ. ಅವನ ಕೈ ಸ್ವಿಚ್ಚಿನ ಹತ್ತಿರ ಹೋಗಿ ನಿಂತಿತು. ಅವನಿಗೆ ಮುಂದಿನದು ಗೊತ್ತಿತ್ತೆಂದು ನನಗೆ ಆಗ ಖಾತ್ರಿಯಾಯಿತು. ಕಾರ್ಖಾನೆಯ ಗಿರಾಕಿಗಳಲ್ಲಿ ಒಬ್ಬ, “ಹಚ್ಚಪಾ, ಅಂಜತಿ ಯಾಕ?” ಎಂದ. ಹಚ್ಚಿದ.

ಗುಳ್ಳೆ. ಹಸಿರು. ಕಂದು. ಕಪ್ಪು.

“ಅಯ್ಯ ವೈನೀ, ನಿಮ್ಮ ಮನಿ ಉಪ್ಪಿನ್ಯಾಗ ಎಷ್ಟೊಂದು ಹೊಲಸ ಅದ!” ಎಂದೆ. ಎಲ್ಲರೂ ನಕ್ಕರು. ವೈನಿ ನಗಲಿಲ್ಲ.

ಆಮೇಲೆ ಪಾಠ ಮಾಡಿದೆ. ಕಡ್ಡಿ ಎತ್ತಿ ಎಲ್ಲರಿಗೂ ತೋರಿಸಿದೆ. ಗೆದ್ದಲು ತಿಂದ ಕಟ್ಟಿಗೆಯಂತೆ ಅದರ ತುದಿ ಸವೆದಿತ್ತು. ಈ ಕಡ್ಡಿ ಕಬ್ಬಿಣ. ಕಬ್ಬಿಣಕ್ಕೆ ಇಪ್ಪತ್ತಾರು ಪ್ರೋಟಾನು, ಇಪ್ಪತ್ತಾರು ಎಲೆಕ್ಟ್ರಾನು. ವಿದ್ಯುತ್ತು ಅದರಿಂದ ಎರಡು ಎಲೆಕ್ಟ್ರಾನು ಕಸಿಯುತ್ತದೆ. ಇಪ್ಪತ್ತಾರರಲ್ಲಿ ಇಪ್ಪತ್ನಾಲ್ಕು ಕಳೆದರೆ ಪ್ಲಸ್ ಎರಡು. ಆಗ ಅದು ಕಡ್ಡಿ ಬಿಟ್ಟು ನೀರಿಗೆ ಇಳಿಯುತ್ತದೆ, ಹಸಿರು ಕಾಣುವುದು ಅದೇ. ಮೇಲಿನ ಗಾಳಿ ಇನ್ನೊಂದನ್ನು ಕಸಿದರೆ ಪ್ಲಸ್ ಮೂರು, ತುಕ್ಕಿನ ಬಣ್ಣ. ಎಲ್ಲ ಸೇರಿ ಹೀಗೆ ರಾಡಿ. ಫಿಲ್ಟರಿನ ನೀರಿನಲ್ಲಿ ಅಯಾನುಗಳು ತೀರ ಕಮ್ಮಿ, ವಿದ್ಯುತ್ತು ದಾಟುವುದಿಲ್ಲ, ಕಡ್ಡಿ ಕರಗುವುದಿಲ್ಲ. ಒಂದು ಚಿಟಿಕೆ ಉಪ್ಪು ಹಾಕಿದರೆ ದಾಟುತ್ತದೆ. ನೀವು ನೋಡಿದ ಹೊಲಸು ಯಾರ ಬಾವಿಯದೂ ಅಲ್ಲ, ಇವನ ಕಡ್ಡಿಯದು.

ಬ್ಯಾಂಕಿನಲ್ಲಿದ್ದ ಹಿರಿಯರೊಬ್ಬರು ಮೂರು ಸಲ ತಲೆಯಾಡಿಸಿದರು. ಕಾರ್ಖಾನೆಯ ಗಿರಾಕಿಗಳು ಚಪ್ಪಾಳೆ ತಟ್ಟಿದರು. ಮಾರುವವನು ವಾಯರು ಸುತ್ತುತ್ತ, “ನಮಗ ಹಿಂಗ ತೋರಿಸಬೇಕಂತ ಕಲಿಸ್ಯಾರ್ರಿ ಮೇಡಂ, ನಂದೇನೈತ್ರಿ” ಎಂದು ಗೊಣಗಿದ. “ನಿನಗ ಕಲಿಸಿದವರನ್ನ ನನ್ನ ಕಡೆ ಕಳಸು” ಎಂದೆ. ನನಗೆ ಅವತ್ತು ಬಹಳ ಖುಷಿಯಾಗಿತ್ತು. ಗೆದ್ದೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಕಾಕು ಒಳಗಿನಿಂದ ದೊಡ್ಡ ತಾಟು ತಂದರು. ಪಟಿಕ ಹಾಕದ, ಆಗ ತಾನೇ ಬೋರಿನಿಂದ ಹಿಡಿದ ನೀರು, ಲೋಟ ಲೋಟ. ಬದಿಗೆ ಬೆಲ್ಲದ ಚೂರು. ಬಂದವರಿಗೆ ನೀರು-ಬೆಲ್ಲ ಕೊಡುವುದು ನಮ್ಮ ಕಡೆಯ ಪದ್ಧತಿ. ಗಿರಾಕಿಗಳು ಇಬ್ಬರೂ ಒಂದೇ ಗುಟುಕಿಗೆ ಕುಡಿದರು. ನಾನು ಕುಡಿದೆ, ನಮ್ಮ ಮನೆಯವರು ಎರಡು ಲೋಟ ಕುಡಿದರು. ಕಾಕು ತಾಟನ್ನು ವೈನಿಯವರ ಮುಂದೆ ಹಿಡಿದರು.

“ಈಗ ಚಾ ಆತ್ರಿ. ಚಾದ ಮ್ಯಾಲ ನೀರು ಕುಡೀಬಾರದು,” ಎಂದರು ವೈನಿ.

ಪಕ್ಕದವರಿಗೆ ಒಪ್ಪತ್ತು. ಅವರ ಪಕ್ಕದವರಿಗೆ ಗಂಟಲು ನೋವು. ಬ್ಯಾಂಕಿನವರು ಬೆಲ್ಲದ ಚೂರು ಮಾತ್ರ ತೆಗೆದುಕೊಂಡು, “ಶುಗರ್ ಅದ, ಆದ್ರೂ ಒಂದಿಷ್ಟು” ಎಂದು ನಕ್ಕು, ಮಾತಾಡುತ್ತ ಮಾತಾಡುತ್ತ ಅದನ್ನು ಕಿಸೆಗೆ ಹಾಕಿಕೊಂಡರು. ಒಬ್ಬೊಬ್ಬರೇ ಚಪ್ಪಲಿ ಹಾಕಿಕೊಂಡು ಹೊರಟರು. ಹೋಗುವಾಗ ಎಲ್ಲರೂ ನನ್ನ ಪಾಠವನ್ನು ಹೊಗಳಿದರು. ತಾಟಿನಲ್ಲಿ ಲೋಟಗಳು ತುಂಬಿದಂತೆಯೇ ಉಳಿದವು.

ನಾನು ಗೇಟಿನತ್ತ ಹೆಜ್ಜೆ ಹಾಕಿದೆ. ಏನು ಕೂಗುತ್ತಿದ್ದೆನೋ ಏನೋ, ಕಾಕು ನನ್ನ ರಟ್ಟೆ ಹಿಡಿದರು.

“ಬಿಡ್ರಿ ಅಕ್ಕೋರೆ. ನೀರಿನ್ಯಾಗ ಏನೂ ಇಲ್ಲಂತ ಅವರಿಗೆ ಮೊದಲ ಗೊತ್ತಿತ್ತು.”

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಿದ್ದೆ ನಾನು. ಕಬ್ಬಿಣದ ಕಡ್ಡಿ ಅವರಿಗೆ ಒಂದು ನೆವ ಕೊಟ್ಟಿತ್ತು, ಅಷ್ಟೆ. ನೆವವನ್ನು ನಾನು ಕಿತ್ತುಕೊಂಡೆ. ಅವರು ಚಾ, ಒಪ್ಪತ್ತು, ಗಂಟಲು ನೋವು ಎಂದು ಬೇರೆ ನೆವ ತಂದರು. ಪರಮಾಣುವಿನಲ್ಲಿ ಇಷ್ಟು ತೊಡಕಿಲ್ಲ. ಅದು ಏನು ಕಳೆದುಕೊಂಡಿತು, ಏನು ಪಡೆಯಿತು ಎಂದು ನೋಡಿದರೆ ಅದರ ಲೆಕ್ಕ ಎದುರಿಗೇ ಇರುತ್ತದೆ. ಮನುಷ್ಯರ ಹೊಟ್ಟೆಯೊಳಗಿನ ವಿಷ ಎಣಿಕೆಗೆ ಸಿಗುವುದಿಲ್ಲ. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಕಾಕು ಅರವಟ್ಟಿಗೆ ತೆಗೆಯಲಿಲ್ಲ. ಸೋಮವಾರ ಪೇಟೆಗೆ ಹೋಗಿ ಇನ್ನೊಂದು ಮಡಕೆ ತಂದಿಟ್ಟರು. “ನೀರಡಿಸಿದವರಿಗೆ ಇಟ್ಟದ್ದು, ಇವರಿಗಲ್ಲ” ಎಂದರು. ಬಿಸಿಲು ಏರಿದಂತೆ ಹಾದಿಹೋಕರು ಮತ್ತೆ ನಿಂತು ಕುಡಿಯತೊಡಗಿದರು, ಗಿರಾಕಿಗಳೂ ಮರಳಿದರು. ಓಣಿಯವರು ಮಾತ್ರ ಗೇಟಿನ ಮುಂದೆ ಬಂದಾಗ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದರು.

ಚೈತ್ರಗೌರಿಯ ಅರಿಶಿನ-ಕುಂಕುಮಕ್ಕೆ ಆ ವರ್ಷ ನಾನೇ ಓಣಿಯವರನ್ನೆಲ್ಲ ಕರೆದೆ. ನಾನು ಹಬ್ಬ ಮಾಡುವವಳಲ್ಲ, ಎಲ್ಲರಿಗೂ ಆಶ್ಚರ್ಯ. ಹಿಂದಿನ ವಾರವೇ ನಮ್ಮ ಮನೆಯ ಫಿಲ್ಟರಿನ ಪಿನ್ನು ಕಿತ್ತಿಟ್ಟು, ಕುಡಿಯುವ ನೀರು ಕಾಕುವಿನ ಬೋರಿನಿಂದಲೇ ತರಿಸತೊಡಗಿದ್ದೆ. ಕೋಸಂಬರಿ, ಪಾನಕ ಎರಡನ್ನೂ ಕಾಕು ನಮ್ಮ ಅಡುಗೆಮನೆಯಲ್ಲಿ ನಿಂತು ಮಾಡಿದರು. ಅವರು ಬೇಡ ಬೇಡ ಎಂದರೂ ಗೌರಿಯ ಪಕ್ಕ ಮೊದಲ ಮಣೆ ಹಾಕಿ ಕೂರಿಸಿ, ಮೊದಲ ಕುಂಕುಮ ಅವರಿಗೇ ಹಚ್ಚಿದೆ. ಸಂಜೆ ಓಣಿಯ ಹೆಂಗಸರು ರೇಷ್ಮೆ ಸೀರೆ ಉಟ್ಟು ಬಂದರು. ನಾನು ಬಾಗಿಲಲ್ಲೇ ನಿಂತು ಹೇಳಿದೆ: “ಪಾನಕ ಕಾಕು ಮಾಡ್ಯಾರ. ನೀರೂ ಅವರ ಬೋರಿಂದು. ಬರ್ರಿ ಒಳಗ.”

ಇಬ್ಬರು ಹೊಸ್ತಿಲಿನಿಂದಲೇ ಕುಂಕುಮ ಹಚ್ಚಿಸಿಕೊಂಡು, ಇನ್ನೂ ಹತ್ತು ಮನೆಗೆ ಹೋಗಬೇಕೆಂದು ಹೊರಟುಹೋದರು. ಒಬ್ಬರು ಒಳಗೆ ಬಂದು ಕುಡಿದರು. ಮುಖ ಗಂಟು ಹಾಕಿಕೊಂಡೇ ಕುಡಿದರು, ಆದರೆ ಕುಡಿದರು. ಕೊನೆಗೆ ವೈನಿ ಬಂದರು. ಲೋಟ ಕೈಯಲ್ಲಿ ಹಿಡಿದು, ಕಾಕು ಕೂತ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು.

“ಅಕ್ಕೋರೆ, ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ಮನಿ ನೀರಿಂದ ಒಂದು ಲೋಟ ಬ್ಯಾರೆ ಮಾಡಿಕೊಡ್ರಿ, ಖರೇ ಕುಡೀತೀನಿ.”

ನಾನು ಕಿವಿಮಾತು ಆಡಲಿಲ್ಲ. ಇಡೀ ಪಡಸಾಲೆಗೆ ಕೇಳುವಂತೆ ಹೇಳಿದೆ: “ನಮ್ಮ ಮನ್ಯಾಗ ಬ್ಯಾರೆ ನೀರಿಲ್ರಿ, ವೈನಿ.”